ಮತ್ತೆ ಓದು ಶುರು ಮಾಡಬೇಕು, ನಾಲ್ಕೇ ಪುಸ್ತಕ ಹೇಳಿ

ನಿದ್ದೆಗಣ್ಣು:
ನಮಸ್ಕಾರ ಎಲ್ಲರಿಗೂ. ಆರು ವರ್ಷದಿಂದ ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಕೊಳ್ಳುವುದು ನಿಂತಿಲ್ಲ, ಓದುವುದು ನಿಂತಿದೆ. ರಾತ್ರಿ ಮಲಗುವ ಮುಂಚೆ ಇಪ್ಪತ್ತು ನಿಮಿಷ ಸಿಗುತ್ತದೆ, ಅಷ್ಟೇ. ಕಳೆದ ತಿಂಗಳು ಒಂದು ಕಾದಂಬರಿ ಹಿಡಿದೆ. ಒಂಬತ್ತು ರಾತ್ರಿ ಅದೇ ಮೂವತ್ತೊಂದನೇ ಪುಟ. ಪುಟದ ನಡುವೆ ಯಾರೋ ಬಾಗಿಲು ತಟ್ಟುತ್ತಾರೆ. ಅಷ್ಟೊತ್ತಿಗೆ ನನಗೆ ನಿದ್ದೆ ಬಂದಿರುತ್ತದೆ. ಬಾಗಿಲ ಹೊರಗೆ ಯಾರಿದ್ದಾರೆ ಅಂತ ಇವತ್ತಿಗೂ ಗೊತ್ತಿಲ್ಲ.

ಬೇಕಾಗಿರುವುದು ನಾಲ್ಕೇ. ಈಚಿನ ಒಂದು ಕಾದಂಬರಿ, ಒಂದು ಫ್ಯಾಂಟಸಿ, ಒಂದು ಪ್ರಬಂಧಗಳ ಪುಸ್ತಕ, ಒಂದು ಕಾಮಿಕ್ಸ್. ದಪ್ಪ ಇರಬಾರದು. ಹಿಂದಿನ ರಾತ್ರಿ ಎಲ್ಲಿ ಬಿಟ್ಟೆ ಅಂತ ತಡಕಾಡುವ ಹಾಗೂ ಇರಬಾರದು. ಕನ್ನಡದ್ದಾದರೂ ಸರಿ, ಬೇರೆ ಭಾಷೆಯದ್ದಾದರೂ ಸರಿ.

ಕೊನೆಪುಟ:
ಕಾದಂಬರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಚಿಕ್ಕದು, ವಾರದಲ್ಲಿ ಮುಗಿಯುತ್ತದೆ. ಫ್ಯಾಂಟಸಿಗೆ ಸುಸಾನಾ ಕ್ಲಾರ್ಕ್ ಬರೆದ ‘ಪಿರನೇಸಿ’. 2020ರದ್ದು, ಮರುವರ್ಷ ಅದಕ್ಕೆ ವಿಮೆನ್ಸ್ ಪ್ರೈಜ್ ಬಂತು. ಕೊನೆಯೇ ಕಾಣದ ಒಂದು ಮನೆ. ಹಜಾರದ ಆಚೆ ಹಜಾರ, ಎಲ್ಲ ಕಡೆ ಪ್ರತಿಮೆಗಳು. ಕೆಳಗಿನ ಅಂತಸ್ತಿಗೆ ಸಮುದ್ರ ನುಗ್ಗುತ್ತದೆ, ಮೇಲಿನ ಅಂತಸ್ತಿನಲ್ಲಿ ಮೋಡ ಓಡಾಡುತ್ತದೆ. ಅಲ್ಲಿ ಒಬ್ಬ ಡೈರಿ ಬರೆಯುತ್ತಾನೆ, ಆ ಡೈರಿಯೇ ಪುಸ್ತಕ. ವರ್ಷಕ್ಕೆ ಅಂಕಿ ಇಡುವುದಿಲ್ಲ. ಇಂಥ ಹಜಾರಕ್ಕೆ ಆಲ್ಬಟ್ರಾಸ್ ಹಕ್ಕಿ ಬಂದ ವರ್ಷ ಅಂತ ಬರೆದುಕೊಳ್ಳುತ್ತಾನೆ. ಡೈರಿ ಆದ್ದರಿಂದ ತುಂಡು ತುಂಡಾಗಿ ಓದಬಹುದು, ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಒಂದೇ ಮಾತು: ಡೈರಿಗಳ ಮೇಲಿನ ನಂಬರುಗಳ ಮೇಲೆ ಒಂದು ಕಣ್ಣಿಡಿ. ಆಮೇಲೆ ಬಂದು ನನಗೆ ಥ್ಯಾಂಕ್ಸ್ ಹೇಳಿ!

ಸುಮ್ನೆಓದು:
ಪ್ರಬಂಧಕ್ಕೆ ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’. ನಿಮ್ಮ ಇಪ್ಪತ್ತು ನಿಮಿಷಕ್ಕೆ ಪ್ರಬಂಧವೇ ಸರಿ ಅಂತ ನನಗನ್ನಿಸುತ್ತದೆ. ರಾತ್ರಿಗೆ ಒಂದು. ಅರ್ಧಕ್ಕೇ ನಿದ್ದೆ ಬಂದರೂ ನಷ್ಟ ಇಲ್ಲ. ಯಾರು ಯಾರ ಭಾವಮೈದ ಅಂತ ನೆನಪಿಟ್ಟುಕೊಳ್ಳುವ ತಾಪತ್ರಯ ಇಲ್ಲ.

ಅಡಿಟಿಪ್ಪಣಿ:
“ನಂಬರುಗಳ ಮೇಲೆ ಒಂದು ಕಣ್ಣಿಡಿ.” ಕೊನೆಪುಟ ಅವರೇ, ಇಷ್ಟು ಹೇಳಿದ ಮೇಲೆ ಆ ಪುಸ್ತಕದಲ್ಲಿ ಅವರಿಗೆ ಇನ್ನೇನು ಉಳಿಯಿತು? ಪುಸ್ತಕ ಹೇಳಿ ಅಂದರೆ ಪುಸ್ತಕ ಹೇಳಬೇಕು. ಎಲ್ಲಿ ನೋಡಬೇಕು ಅಂತ ಅವರು ಕೇಳಿದ್ದರಾ?

ಕೊನೆಪುಟ:
“ಇನ್ನೇನು ಉಳಿಯಿತು”? ಇನ್ನೂರೈವತ್ತರ ಆಸುಪಾಸು ಪುಟ ಉಳಿಯಿತು ಸ್ವಾಮಿ. ಅವನು ಯಾರು ಅಂತ ನಾನು ಹೇಳಿಲ್ಲ, ಆ ಮನೆ ಎಲ್ಲಿದೆ ಅಂತ ಹೇಳಿಲ್ಲ. ನಂಬರು ಅಂದೆ. ಪುಟಕ್ಕೂ ನಂಬರು ಇರುತ್ತದೆ.

ಗೆರೆಚಿತ್ರ:
ಕಾಮಿಕ್ಸ್ ನಾನು ಹೇಳುತ್ತೇನೆ. ಶಾನ್ ಟಾನ್ ಅವರ ‘ದಿ ಅರೈವಲ್’, 2006. ಒಂದೇ ಒಂದು ಮಾತಿಲ್ಲ, ಬರೀ ಚಿತ್ರ. ಒಬ್ಬ ಮನುಷ್ಯ ಹೆಂಡತಿ, ಮಗಳನ್ನು ಬಿಟ್ಟು ಗೊತ್ತಿಲ್ಲದ ಊರಿಗೆ ಹೋಗುತ್ತಾನೆ. ಅಲ್ಲಿನ ಲಿಪಿಯನ್ನು ಟಾನ್ ತಾವೇ ಕಟ್ಟಿದ್ದಾರೆ. ಹಾಗಾಗಿ ಅಲ್ಲಿನ ಬೋರ್ಡು ಅವನಿಗೂ ಅರ್ಥವಾಗುವುದಿಲ್ಲ, ನಮಗೂ ಆಗುವುದಿಲ್ಲ. ಹಡಗಿನ ಪ್ರಯಾಣ ಎಷ್ಟು ಉದ್ದ ಅಂತ ತೋರಿಸಲು ಎರಡು ಪುಟದ ತುಂಬ ಬರೀ ಮೋಡ. ಚಿಕ್ಕ ಚಿಕ್ಕ ಚೌಕ, ಚೌಕಕ್ಕೊಂದು ಮೋಡ. ಆ ಎರಡು ಪುಟದ ಮುಂದೆ ನಾನು ಕಾಲು ಗಂಟೆ ಕೂತಿದ್ದೆ.

ಹಳೇಬೈಂಡು:
“ಒಂದೇ ಒಂದು ಮಾತಿಲ್ಲ.” ಓದಬೇಕು ಅಂತ ಬಂದವರಿಗೆ ನೋಡುವ ಪುಸ್ತಕ ಕೊಟ್ಟು ಕಳಿಸುತ್ತಿದ್ದೀರಿ. ಇದು ಹಸಿದವರಿಗೆ ತಟ್ಟೆ ತೋರಿಸಿದ ಹಾಗಾಯಿತು. ಕಾಮಿಕ್ಸ್ ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಇರುವಂಥದ್ದು. ದೊಡ್ಡವರು ಅಲ್ಲಿಂದ ಮುಂದೆ ಹೋಗಬೇಕು.

ಗೆರೆಚಿತ್ರ:
“ಮಕ್ಕಳಿಗೆ”? ಆರ್ಟ್ ಸ್ಪೀಗಲ್‌ಮನ್ ಅವರ ‘ಮಾಸ್’ಗೆ 1992ರಲ್ಲಿ ಪುಲಿಟ್ಜರ್ ಕೊಟ್ಟರು. ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದ ಅಪ್ಪನ ಕಥೆ ಅದು. ಯಹೂದಿಗಳು ಇಲಿ, ಜರ್ಮನರು ಬೆಕ್ಕು. ಆ ಇಲಿಗಳನ್ನು ನೋಡಿ ನಕ್ಕ ಮಗು ಇದ್ದರೆ ತೋರಿಸಿ.

ಹಳೇಬೈಂಡು:
ಕೊಟ್ಟಿದ್ದು ವಿಶೇಷ ಪ್ರಶಸ್ತಿ. ಅಂದರೆ ಯಾವ ವಿಭಾಗದಲ್ಲಿ ಕೂರಿಸಬೇಕು ಅಂತ ಅವರಿಗೂ ಗೊತ್ತಾಗಲಿಲ್ಲ. ನನ್ನ ಮಾತನ್ನೇ ಒಪ್ಪಿದ ಹಾಗಾಯಿತು, ಥ್ಯಾಂಕ್ಸ್.

ಅಡಿಟಿಪ್ಪಣಿ:
ಕಾಮಿಕ್ಸ್ ಆಮೇಲೆ ನೋಡಿಕೊಳ್ಳಿ. ಕೊನೆಪುಟ ಅವರು “ಹೇಳಿಲ್ಲ, ಹೇಳಿಲ್ಲ” ಅನ್ನುತ್ತಿದ್ದಾರೆ. ಸುಳಿವು ಕೊಡುವುದೂ ಹೇಳುವುದೇ. ನನ್ನ ಕಥೆ ಕೇಳಿ. ಒಂದು ಪತ್ತೇದಾರಿ ಕಾದಂಬರಿ ಕೊಡುವಾಗ ಗೆಳೆಯನೊಬ್ಬ “ಚಿಕ್ಕಪ್ಪನ ಮೇಲೆ ಕಣ್ಣಿಡು” ಅಂದ. ನಾನೂರು ಪುಟ ಚಿಕ್ಕಪ್ಪನನ್ನೇ ಕಾದೆ. ಚಿಕ್ಕಪ್ಪ ಕಾಫಿ ಕುಡಿದರೆ ಎದ್ದು ಕೂರುತ್ತಿದ್ದೆ, ಕೆಮ್ಮಿದರೆ ಗೆರೆ ಹಾಕುತ್ತಿದ್ದೆ. ಉಳಿದವರು ಏನು ಮಾಡಿದರು ಅಂತ ಇವತ್ತಿಗೂ ನನಗೆ ನೆನಪಿಲ್ಲ.

ಕೊನೆಪುಟ:
ಚಿಕ್ಕಪ್ಪನೇ ಕೊಲೆಗಾರನಾ ಕೊನೆಗೆ?

ಅಡಿಟಿಪ್ಪಣಿ:
ಹೇಳುವುದಿಲ್ಲ.

ಸುಮ್ನೆಓದು:
ಒಂದು ಮಾತು. ಪ್ರಬಂಧಕ್ಕೆ ಸ್ಪಾಯ್ಲರ್ ಅನ್ನುವುದೇ ಇಲ್ಲ. ಕೊನೆ ಸಾಲನ್ನು ಮೊದಲೇ ಹೇಳಿಬಿಟ್ಟರೂ ಏನೂ ಕೆಡುವುದಿಲ್ಲ.

ಕೊನೆಪುಟ:
ನನಗೆ ಪುರಾವೆ ಇದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದ ಇಬ್ಬರು ಮನಃಶಾಸ್ತ್ರಜ್ಞರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, ಇದನ್ನೇ ಪರೀಕ್ಷೆ ಮಾಡಿದರು. 12 ಸಣ್ಣ ಕಥೆ. ಪತ್ತೇದಾರಿ ಇತ್ತು, ಕೊನೆಯಲ್ಲಿ ತಿರುವು ಇರುವಂಥದ್ದು ಇತ್ತು, ಸಾಹಿತ್ಯಕ ಕಥೆಗಳೂ ಇದ್ದವು. ಕೊನೆಯನ್ನು ಮೊದಲೇ ತಿಳಿದು ಓದಿದವರಿಗೆ ಕಥೆ ಜಾಸ್ತಿ ಹಿಡಿಸಿತು. ಜಾಸ್ತಿ! ಅಂದ ಮೇಲೆ ನಾನು ನಿದ್ದೆಗಣ್ಣು ಅವರಿಗೆ ಉಪಕಾರವನ್ನೇ ಮಾಡಿದ್ದೇನೆ.

ಅಡಿಟಿಪ್ಪಣಿ:
ಅದೇ ಅಧ್ಯಯನದಲ್ಲಿ ಇನ್ನೊಂದು ಭಾಗ ಇದೆ, ಅದನ್ನು ಬಿಟ್ಟಿರಿ. ಆ ಸುಳಿವನ್ನೇ ಕಥೆಯ ಮೊದಲ ಪ್ಯಾರಾ ಮಾಡಿ ಸೇರಿಸಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಇನ್ನು 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಮಾಡಿದ ಅಧ್ಯಯನದಲ್ಲಿ ಉಲ್ಟಾ ಬಂತು. ಸುಳಿವು ಸಿಗದೆ ಓದಿದವರಿಗೇ ಕಥೆ ಹೆಚ್ಚು ಖುಷಿ ಕೊಟ್ಟಿತು. ಅದು ಕಣ್ಣಿಗೆ ಬೀಳಲಿಲ್ಲವಾ?

ಕೊನೆಪುಟ:
“ಏನೂ ವ್ಯತ್ಯಾಸ ಕಾಣಲಿಲ್ಲ” ಅಂತ ನೀವೇ ಬರೆದಿದ್ದೀರಿ. ವ್ಯತ್ಯಾಸವೇ ಇಲ್ಲದ ಮೇಲೆ ನನ್ನ ಮೇಲೆ ಯಾಕೆ ಹಾರುತ್ತಿದ್ದೀರಿ?

ಮೂರನೇಸಂಪುಟ:
ತಡವಾಗಿ ಬಂದೆ. ಫ್ಯಾಂಟಸಿ ಅಂದರೆ ಎನ್. ಕೆ. ಜೆಮಿಸಿನ್ ಅವರ ‘ಬ್ರೋಕನ್ ಅರ್ಥ್’ ಮೂರು ಸಂಪುಟ. 2016, 2017, 2018, ಸತತ ಮೂರು ವರ್ಷ ಒಂದೊಂದು ಸಂಪುಟಕ್ಕೂ ಹ್ಯೂಗೋ ಬಂತು. ಅದಕ್ಕೆ ಮುಂಚೆ ಯಾರಿಗೂ ಹಾಗೆ ಬಂದಿರಲಿಲ್ಲ. ಮೊದಲನೆಯದರಲ್ಲಿ ಒಂದು ಎಳೆ ಪೂರ್ತಿ “ನೀನು” ಅಂತಲೇ ಸಾಗುತ್ತದೆ. ನೀನು ಎದ್ದೆ, ನೀನು ನಡೆದೆ, ಹೀಗೆ. ನಿದ್ದೆ ಬರುವವರನ್ನು ಭುಜ ಹಿಡಿದು ಅಲ್ಲಾಡಿಸಿದ ಹಾಗಿರುತ್ತದೆ. ಒಟ್ಟು ಮೂರು ಎಳೆ ಇವೆ, ಆ ಮೂರೂ... ಬೇಡ, ಹೇಳುವುದಿಲ್ಲ.

ಅಡಿಟಿಪ್ಪಣಿ:
“ಬೇಡ, ಹೇಳುವುದಿಲ್ಲ”! ನೋಡಿದಿರಾ? ಇದಕ್ಕಿಂತ ಸುಮ್ನೆ ಹೇಳಿಬಿಟ್ಟಿದ್ದರೆ ವಾಸಿಯಿತ್ತು. ಈಗ ಓದುವವರು ಮೊದಲ ಪುಟದಿಂದ ಮೂರು ಎಳೆಯನ್ನೂ ಅನುಮಾನದಿಂದ ನೋಡುತ್ತಾರೆ.

ಮೂರನೇಸಂಪುಟ:
ಮೂರು ಚುಕ್ಕಿ ಇಟ್ಟಿದ್ದೂ ತಪ್ಪಾ?

ಅಡಿಟಿಪ್ಪಣಿ:
ಹೌದು. ಚುಕ್ಕಿಯೇ ತಪ್ಪು.

ಹಳೇಬೈಂಡು:
ನಿದ್ದೆಗಣ್ಣು ಅವರು “ದಪ್ಪ ಇರಬಾರದು” ಅಂದಿದ್ದರು. ಅವರಿಗೆ ಮೂರು ಸಂಪುಟ ಹೇಳಿದ ನಿಮ್ಮ ಧೈರ್ಯಕ್ಕೆ ನಮಸ್ಕಾರ.

ಮೂರನೇಸಂಪುಟ:
ದಪ್ಪ ಅನ್ನುವುದು ಪುಟದ ಲೆಕ್ಕ ಅಲ್ಲ. ಎಂಬತ್ತು ಪುಟದ ಪುಸ್ತಕ ಆರು ತಿಂಗಳು ಎಳೆದದ್ದನ್ನು ನೋಡಿದ್ದೇನೆ. ಆರುನೂರು ಪುಟದ್ದು ಭಾನುವಾರ ಮುಗಿದದ್ದೂ ಉಂಟು. ಮತ್ತೆ ಒಂದು ವಿಷಯ, ಫ್ಯಾಂಟಸಿ ಸರಣಿಯನ್ನು ಪ್ರಕಟವಾದ ಕ್ರಮದಲ್ಲೇ ಓದಬೇಕು. ಇದು ನನ್ನ ಖಚಿತ ಮಾತು. ನಾರ್ನಿಯಾ ತಗೊಳ್ಳಿ. 1950ರ ಮೊದಲ ಪುಸ್ತಕದಲ್ಲಿ ಒಂದು ಹುಡುಗಿ ಬಟ್ಟೆ ಬೀರುವಿನೊಳಗೆ ಹೋಗುತ್ತಾಳೆ. ತುಪ್ಪಳದ ಕೋಟುಗಳ ಆಚೆ ಹಿಮ, ಹಿಮದ ನಡುವೆ ಒಂದು ದೀಪದ ಕಂಬ. ಕಾಡಿನಲ್ಲಿ ದೀಪದ ಕಂಬ ಯಾಕೆ? ಆ “ಯಾಕೆ” ಅನ್ನುವುದೇ ಮಜಾ. 1955ರಲ್ಲಿ ಬಂದ ಪುಸ್ತಕದಲ್ಲಿ ಅದರ ಕಾರಣ ಇದೆ. ಈಗಿನ ಮುದ್ರಣಗಳಲ್ಲಿ ಅದನ್ನೇ ಒಂದನೇ ನಂಬರು ಮಾಡಿಬಿಟ್ಟಿದ್ದಾರೆ.

ಹಳೇಬೈಂಡು:
“ಪ್ರಕಟವಾದ ಕ್ರಮದಲ್ಲೇ”? ಬರೆದವರೇ ನಿಮ್ಮನ್ನು ಒಪ್ಪುವುದಿಲ್ಲ. 1957ರಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ್ದ. ಕಥೆಯ ಕಾಲದ ಕ್ರಮವೇ ನನಗೆ ಹಿಡಿಸುತ್ತದೆ ಅಂತ ಸಿ. ಎಸ್. ಲೂಯಿಸ್ ಅವನಿಗೆ ಉತ್ತರ ಬರೆದರು.

ಮೂರನೇಸಂಪುಟ:
ಅದೇ ಕಾಗದದ ಮುಂದಿನ ಸಾಲುಗಳನ್ನು ನುಂಗಿದಿರಿ. ಯಾವ ಕ್ರಮದಲ್ಲಿ ಓದಿದರೂ ಬಹುಶಃ ಅಂಥ ವ್ಯತ್ಯಾಸ ಏನಿಲ್ಲ ಅಂತಲೂ ಅದರಲ್ಲಿದೆ.

ಹಳೇಬೈಂಡು:
ಹಾಗಾದರೆ ನಿಮ್ಮ “ಖಚಿತ ಮಾತು” ಏನಾಯಿತು?

ಕೊನೆಪುಟ:
ಎಲ್ಲರೂ ಸ್ವಲ್ಪ ನಿಲ್ಲಿ. ಅಡಿಟಿಪ್ಪಣಿ ಅವರಿಗೆ ಒಂದು ಪ್ರಶ್ನೆ. ಕುರುಕ್ಷೇತ್ರದಲ್ಲಿ ಗೆದ್ದವರು ಯಾರು ಅಂತ ನಿಮಗೆ ಗೊತ್ತಿಲ್ಲವಾ? ಗೊತ್ತಿದ್ದೂ ಸಾವಿರಾರು ವರ್ಷದಿಂದ ಜನ ಮಹಾಭಾರತ ಓದುತ್ತಿದ್ದಾರೆ. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ಕಣ್ಣೀರು ಹಾಕುತ್ತೇವೆ. ನಮ್ಮದು ಸ್ಪಾಯ್ಲರ್‌ಗೆ ಹೆದರುವ ಸಾಹಿತ್ಯವೇ ಅಲ್ಲ.

ಅಡಿಟಿಪ್ಪಣಿ:
“ಗೊತ್ತಿದ್ದೂ ಓದುತ್ತಾರೆ” ಅಂತೀರಿ. ಪಂಪನನ್ನು ಓದಿದ್ದೀರಾ? ಪಂಪಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನನ್ನೇ ಮದುವೆಯಾಗುತ್ತಾಳೆ. ಐವರನ್ನಲ್ಲ. ಗೊತ್ತಿರುವ ಕಥೆ ಅಂತ ಹಿಡಿದವನಿಗೆ ಅಲ್ಲಿ ಬೆಚ್ಚಿಬೀಳುವಂಥದ್ದು ಇದೆ. ಕವಿ ಆ ಬೆಚ್ಚುವಿಕೆಯನ್ನು ಓದುಗನಿಗೆ ಅಂತ ಎತ್ತಿಟ್ಟಿದ್ದಾನೆ.

ಕೊನೆಪುಟ:
ಈಗ ನೀವು ಅದನ್ನು ಬಯಲು ಮಾಡಿದಿರಿ! ಸಾವಿರ ವರ್ಷ ದಾಟಿದ ಕಾವ್ಯ. ಇಲ್ಲಿ ಪಂಪನನ್ನು ಓದದವರು ಎಷ್ಟು ಜನ ಇದ್ದಾರೋ. ಎಲ್ಲರ ಪಾಲಿನ ಬೆಚ್ಚುವಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ.

ಗೆರೆಚಿತ್ರ:
ನಾನು ಓದಿರಲಿಲ್ಲ. ಓದಬೇಕು ಅಂತ ಇಟ್ಟುಕೊಂಡಿದ್ದೆ.

ಅಡಿಟಿಪ್ಪಣಿ:
ಅದು ಪಠ್ಯಪುಸ್ತಕದ ವಿಷಯ ಮಾರಾಯ್ರೇ. ಅದಕ್ಕೂ ಇದಕ್ಕೂ ಹೋಲಿಕೆಯಾ?

ಕೊನೆಪುಟ:
“ಅದಕ್ಕೂ ಇದಕ್ಕೂ”. ಸರಿ, ಗಡುವು ಎಷ್ಟು ವರ್ಷ ಅಂತ ಒಂದು ಸಲ ಹೇಳಿಬಿಡಿ. ಪಂಪನಿಗೆ ಮುಗಿದಿದೆ, ಪಿರನೇಸಿಗೆ ಮುಗಿದಿಲ್ಲ. ಮಧ್ಯೆ ಎಲ್ಲಿ ಗೆರೆ? ಹತ್ತು ವರ್ಷವಾ, ನೂರಾ?

ಅಡಿಟಿಪ್ಪಣಿ:
ವರ್ಷದ ಲೆಕ್ಕ ಅಲ್ಲ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಶುರುವಾಯಿತು. ಕೊನೆಗುಟ್ಟು ಹೊರಗೆ ಹೇಳಬೇಡಿ ಅಂತ ನಾಟಕ ಮುಗಿದ ಮೇಲೆ ಪ್ರೇಕ್ಷಕರಲ್ಲಿ ಕೇಳಿಕೊಳ್ಳುತ್ತಾರೆ. ನೋಡಿ ಬಂದವರು ಬಾಯಿ ಬಿಗಿಹಿಡಿಯುವುದು ನೋಡದವರ ಮೇಲಿನ ಮರ್ಯಾದೆಗೆ. ಅಷ್ಟು ಮರ್ಯಾದೆ ನಿಮ್ಮಿಂದ ಆಗಲಿಲ್ಲ.

ಕೊನೆಪುಟ:
ಮರ್ಯಾದೆಯ ಪಾಠ ಬೇಡ. ಗಾರ್ಸಿಯಾ ಮಾರ್ಕೆಸ್ 1981ರಲ್ಲಿ ಒಂದು ಕಿರುಕಾದಂಬರಿ ಬರೆದರು. ಯಾರನ್ನು ಕೊಲ್ಲುತ್ತಾರೆ ಅನ್ನುವುದು ಅದರ ಮೊದಲ ವಾಕ್ಯದಲ್ಲೇ ಇದೆ. ಸಾವು ಮೊದಲೇ ಗೊತ್ತು. ಆದರೂ ಕೊನೆ ಪುಟದ ತನಕ ಯಾರಾದರೂ ತಡೆಯಬಾರದಾ ಅಂತ ಎದೆ ಹೊಡೆದುಕೊಳ್ಳುತ್ತದೆ. ಅವರಿಗೂ ಮರ್ಯಾದೆ ಇರಲಿಲ್ಲವಾ?

ಅಡಿಟಿಪ್ಪಣಿ:
ಅಲ್ಲೇ ಇರುವುದು ವ್ಯತ್ಯಾಸ. ಅದು ಅವರ ಕಥೆ. ಯಾವಾಗ ಹೇಳಬೇಕು ಅಂತ ಅವರು ಯೋಚಿಸಿ ಮೊದಲ ವಾಕ್ಯದಲ್ಲಿ ಇಟ್ಟರು. ಕ್ಲಾರ್ಕ್ ಕೂಡ ಯೋಚಿಸಿಯೇ ಮೊದಲ ಪುಟದಲ್ಲಿ ಇಡಲಿಲ್ಲ. ಡೈರಿಯ ನಂಬರು ಬದಲಾಗಿದೆ ಅಂತ ಓದುಗ ತಾನಾಗಿಯೇ ಕಂಡುಕೊಳ್ಳಬೇಕು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ತಪ್ಪಿಸಲು ನಿಮಗೇನು ಅಧಿಕಾರ?

ಮೂರನೇಸಂಪುಟ:
ಒಂದು ನಿಮಿಷ. “ನಂಬರು ಬದಲಾಗಿದೆ”?

ಗೆರೆಚಿತ್ರ:
ಕೊನೆಪುಟ ಅವರು ನಂಬರು ನೋಡಿ ಅಂದಿದ್ದರು ಅಷ್ಟೇ. ಬದಲಾಗಿದೆ ಅಂತ ಅಂದಿರಲಿಲ್ಲ.

ಕೊನೆಪುಟ:
ಹಹಹ. ನಾನು ಇನ್ನೇನೂ ಹೇಳುವುದಿಲ್ಲ. ನನ್ನ ವಕೀಲರ ಕೆಲಸವನ್ನು ಅಡಿಟಿಪ್ಪಣಿ ಅವರೇ ಮಾಡಿದ್ದಾರೆ.

ಅಡಿಟಿಪ್ಪಣಿ:
ಅದು ವಾದದ ಭಾಗವಾಗಿ ಬಂದದ್ದು. ಸಂದರ್ಭ ಬೇರೆ. ಮೇಲಿನ ಸಾಲನ್ನು ತಿದ್ದಿದ್ದೇನೆ.

ಮೂರನೇಸಂಪುಟ:
ತಿದ್ದಿದ್ದು ನೋಡಿದೆ. “ಡೈರಿಯ ನಂಬರು ಇದ್ದ ಹಾಗೇ ಇದೆ” ಅಂತ ಮಾಡಿದ್ದೀರಿ. ಈಗ ಯಾರಿಗೂ ಅನುಮಾನ ಬರುವುದಿಲ್ಲ ಬಿಡಿ.

ಅಡಿಟಿಪ್ಪಣಿ:
ಸರಿ, ಮತ್ತೆ ಮೊದಲಿದ್ದ ಹಾಗೇ ಹಾಕಿದ್ದೇನೆ. ಈ ಗಲಾಟೆ ಶುರು ಮಾಡಿದವರು ಯಾರು ಅಂತ ಮಾತ್ರ ಮರೆಯಬೇಡಿ. ಕೆಲವರಿಗೆ ಪುಸ್ತಕ ಓದುವುದಕ್ಕಿಂತ ಓದಿದ್ದೇನೆ ಅಂತ ತೋರಿಸಿಕೊಳ್ಳುವ ಚಪಲ ಜಾಸ್ತಿ. ಒಳಗುಟ್ಟು ತನಗೆ ಗೊತ್ತು ಅಂತ ಕಣ್ಣು ಹೊಡೆಯದಿದ್ದರೆ ಊಟ ಸೇರುವುದಿಲ್ಲ.

ಕೊನೆಪುಟ:
ಚಪಲ ಅಂದಿರಾ? ಯಾರೋ ಪಾಪ ಓದು ಬಿಟ್ಟುಹೋಗಿದೆ ಅಂತ ಬಂದಿದ್ದಾರೆ, ಒಂದು ಕೊಂಡಿ ಸಿಕ್ಕಿಸಿದರೆ ಹಿಡಿದುಕೊಂಡು ಮುಂದೆ ಹೋಗುತ್ತಾರೆ ಅಂತ ಹೇಳಿದ್ದು. “ಚೆನ್ನಾಗಿದೆ, ಓದಿ” ಅಂದರೆ ಯಾರು ಓದುತ್ತಾರೆ? ಜಗತ್ತಿನ ಎಲ್ಲ ಪುಸ್ತಕಗಳ ಬಗ್ಗೆಯೂ ಯಾರೋ ಒಬ್ಬರು ಚೆನ್ನಾಗಿದೆ ಅಂದಿರುತ್ತಾರೆ.

ನಿರ್ವಾಹಕ:
ವೈಯಕ್ತಿಕ ಮಾತು ಬೇಡ, ಇಬ್ಬರಿಗೂ ಹೇಳುತ್ತಿದ್ದೇನೆ. ಪುಸ್ತಕಕ್ಕೆ ಬನ್ನಿ.

ಬೆನ್ನುಡಿ:
ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವು ಒಂದು ನಂಬರಿಗೆ ಜಗಳ ಆಡುತ್ತಿದ್ದೀರಿ. ಕನ್ನಡ ಪುಸ್ತಕಗಳ ಮುನ್ನುಡಿಗೆ ಏನು ಹೇಳುತ್ತೀರಿ? ಹಿರಿಯರೊಬ್ಬರು ಹದಿನಾಲ್ಕು ಪುಟ ಬರೆದಿರುತ್ತಾರೆ. ನಾಲ್ಕನೇ ಪುಟಕ್ಕೆ ನಾಯಕಿ ಬಾವಿಗೆ ಹಾರಿರುತ್ತಾಳೆ. ಏಳನೆಯದಕ್ಕೆ ಅದು ಯಾವುದರ ಸಂಕೇತ ಅಂತ ಗೊತ್ತಾಗಿರುತ್ತದೆ. ಕಾದಂಬರಿ ಒಂದನೇ ಪುಟದಲ್ಲಿ ಅದೇ ಹುಡುಗಿ ಲಂಗ ಹಾಕಿಕೊಂಡು ಓಡಿ ಬರುವಾಗ ನಮಗೆ ಬಾವಿಯೇ ಕಾಣುತ್ತಿರುತ್ತದೆ. ನಾನಂತೂ ಮುನ್ನುಡಿಯನ್ನು ಕೊನೆಗೇ ಓದುವುದು.

ಹಳೇಬೈಂಡು:
“ಕೊನೆಗೇ ಓದುವುದು”! ಮುನ್ನುಡಿ ಅನ್ನುವ ಹೆಸರಲ್ಲೇ ‘ಮುನ್’ ಇದೆ. ಕೃತಿಯೊಳಕ್ಕೆ ಕೈ ಹಿಡಿದು ಕರೆದುಕೊಂಡು ಹೋಗಲು ಇರುವಂಥದ್ದು. ನನಗೆ ಎಷ್ಟೋ ಪುಸ್ತಕ ಅರ್ಥವಾದದ್ದೇ ಮುನ್ನುಡಿಯಿಂದ.

ಬೆನ್ನುಡಿ:
ಮುನ್ನುಡಿಯಿಂದಲೇ ಅರ್ಥವಾಗಿಬಿಟ್ಟರೆ ಪುಸ್ತಕ ಬರೆದವರು ಯಾಕೆ ಬೇಕಿತ್ತು?

ಅಡಿಟಿಪ್ಪಣಿ:
ಬೆನ್ನುಡಿ ಅವರು ನನ್ನ ಮಾತನ್ನೇ ಹೇಳಿದ್ದಾರೆ.

ಬೆನ್ನುಡಿ:
ಇಲ್ಲ. ನಂಬರು ನೋಡಿ ಅಂದದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ನೀವು ಜಾಸ್ತಿ ಎಳೆಯುತ್ತಿದ್ದೀರಿ ಅನ್ನಿಸಿತು.

ಸುಮ್ನೆಓದು:
ಪ್ರಬಂಧದ ಬಗ್ಗೆ ಇನ್ನೊಂದು ಸಲ ಹೇಳಲಾ? 1580ರಲ್ಲಿ ಫ್ರಾನ್ಸಿನಲ್ಲಿ ಮಾಂಟೇನ್ ತಮ್ಮ ಬರಹಗಳನ್ನು ಅಚ್ಚು ಹಾಕಿಸಿ ‘ಎಸ್ಸೆ’ ಅಂತ ಹೆಸರಿಟ್ಟರು. ಪ್ರಯತ್ನ ಅಂತ ಅರ್ಥ. 1592ರಲ್ಲಿ ತೀರಿಕೊಳ್ಳುವ ತನಕ ಅಚ್ಚಾದ ಪ್ರತಿಯ ಅಂಚಿನಲ್ಲೇ ಹೊಸ ಸಾಲು ಸೇರಿಸುತ್ತಾ ಹೋದರು. ಬರೆದವರೇ ಮುಗಿಸದ ಪುಸ್ತಕ ಅದು. ಓದುವವರು ಅರ್ಧಕ್ಕೆ ಬಿಟ್ಟರೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ನಿದ್ದೆಗಣ್ಣು ಅವರು ಹೇಳಿದ ಎರಡು ಷರತ್ತಿಗೂ ಇದೇ ಹೊಂದುತ್ತದೆ. ಒಂದೊಂದು ರಾತ್ರಿ ಒಂದೊಂದು.

ಗೆರೆಚಿತ್ರ:
ಹಳೇಬೈಂಡು ಅವರಿಗೆ ನನ್ನ ಉತ್ತರ ಬಾಕಿ ಇತ್ತು. “ನೋಡುವ ಪುಸ್ತಕ” ಅಂದಿರಿ. ಸ್ಕಾಟ್ ಮೆಕ್‌ಕ್ಲೌಡ್ ಅಂತ ಒಬ್ಬರು 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಮಾಡಿದರು. ಅದರಲ್ಲಿ ಎರಡು ಚೌಕಗಳ ನಡುವಿನ ಖಾಲಿ ಜಾಗದ ಬಗ್ಗೆ ದೊಡ್ಡ ಮಾತಿದೆ. ಒಂದು ಚೌಕದಲ್ಲಿ ಕೊಡಲಿ ಎತ್ತಿದ ಮನುಷ್ಯ. ಮುಂದಿನ ಚೌಕದಲ್ಲಿ ರಾತ್ರಿಯ ಊರು, ಮೇಲೆ ಒಂದು ಚೀರಾಟ. ಕೊಡಲಿ ಬಿದ್ದದ್ದನ್ನು ಯಾರೂ ಬರೆದಿಲ್ಲ. ಕೊಲೆ ನಡೆದದ್ದು ಓದುವವನ ತಲೆಯಲ್ಲಿ. ಇಷ್ಟು ಕೆಲಸವನ್ನು ನಿಮ್ಮ ಬೈಂಡು ಹಾಕಿದ ಪುಸ್ತಕ ಕೇಳುತ್ತದಾ?

ಹಳೇಬೈಂಡು:
ಎರಡು ವಾಕ್ಯಗಳ ನಡುವೆಯೂ ಖಾಲಿ ಜಾಗ ಇರುತ್ತದೆ. ಅದನ್ನು ತುಂಬಲು ಚಿತ್ರ ಬೇಕಾಗಿಲ್ಲ.

ಗೆರೆಚಿತ್ರ:
ಒಂದಾದರೂ ಓದಿದ್ದೀರಾ? ಯಾವುದಾದರೂ ಒಂದು?

ಹಳೇಬೈಂಡು:
ಓದಿದ್ದೇನೆ. ಹತ್ತು ನಿಮಿಷದಲ್ಲಿ ಮುಗಿಯಿತು.

ಗೆರೆಚಿತ್ರ:
ಯಾವುದು?

ಹಳೇಬೈಂಡು:
ಹೆಸರು ನೆನಪಿಲ್ಲ. ಆನೆ ಇತ್ತು.

ಮೂರನೇಸಂಪುಟ:
ಆನೆ ಇತ್ತಂತೆ. ಇದರ ಮೇಲೆ ಒಂದು ಪ್ರಕಾರವನ್ನೇ ತಳ್ಳಿಹಾಕುತ್ತಿದ್ದಾರೆ.

ಹಳೇಬೈಂಡು:
ನಾನು ತಳ್ಳಿಹಾಕಿಲ್ಲ. ದೊಡ್ಡವರಿಗೆ ಅಲ್ಲ ಅಂದೆ. ಆನೆ ಚೆನ್ನಾಗಿತ್ತು.

ಕೊನೆಪುಟ:
ನನ್ನ ‘ಘಾಚರ್ ಘೋಚರ್’ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಸಿಕ್ಕು ಬಿಡಿಸಲಾಗದ ಗಂಟಿಗೆ ಒಂದು ಮನೆಯವರು ತಮ್ಮತಮ್ಮಲ್ಲೇ ಹುಟ್ಟಿಸಿಕೊಂಡ ಮಾತು ಅದು, ಬೇರೆಯವರಿಗೆ ಅರ್ಥವಿಲ್ಲದ್ದು. ಈ ಚರ್ಚೆಗೆ ಅದನ್ನೇ ಹೆಸರಿಡಬಹುದು.

ಅಡಿಟಿಪ್ಪಣಿ:
ಆ ಮಾತು ಏನು ಅಂತ ಓದುವಾಗ ತಿಳಿಯಬೇಕು. ಅದನ್ನೂ ಹೇಳಿಬಿಟ್ಟಿರಿ.

ಕೊನೆಪುಟ:
ನಾನು ಕೈ ಮುಗಿದೆ.

ಬೆನ್ನುಡಿ:
ಅದರ ಬಗ್ಗೆ ಬಂದ ವಿಮರ್ಶೆಗಳಲ್ಲೆಲ್ಲ ಅದು ಇದೆ ಅಡಿಟಿಪ್ಪಣಿ ಅವರೇ. ಇಷ್ಟಕ್ಕೆಲ್ಲ ಎಗರಿದರೆ ಪುಸ್ತಕದ ಹೆಸರನ್ನೂ ಹೇಳುವ ಹಾಗಿಲ್ಲ.

ಅಡಿಟಿಪ್ಪಣಿ:
ಕೆಲವು ಪುಸ್ತಕಗಳ ಹೆಸರೇ ಸ್ಪಾಯ್ಲರ್. ಅದು ಬೇರೆ ಚರ್ಚೆ, ಬೇಕಿದ್ದರೆ ಮಾಡೋಣ.

ನಿರ್ವಾಹಕ:
ಬೇಡ.

ನಿದ್ದೆಗಣ್ಣು:
ಎರಡು ವಾರ ಆಯಿತು, ಉತ್ತರ ಹಾಕಲು ಆಗಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಓದಿದೆ. ನಿಜ ಹೇಳಬೇಕೆಂದರೆ ಈ ಆರು ವರ್ಷದಲ್ಲಿ ಒಂದೇ ಸಲ ಕೂತು ಇಷ್ಟು ಉದ್ದದ್ದನ್ನು ನಾನು ಓದಿದ್ದು ಇದೇ ಮೊದಲು. ರಾತ್ರಿ ಒಂದೂವರೆ ಆಗಿತ್ತು.

‘ಪಿರನೇಸಿ’ಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ತೆರೆದರೆ ನಂಬರು ಬಿಟ್ಟು ಬೇರೇನೂ ಕಾಣುತ್ತಿಲ್ಲ. ಮೂರು ಸಂಪುಟದ್ದು ಸದ್ಯಕ್ಕೆ ಬೇಡ. ಪ್ರಬಂಧದ ಬಗ್ಗೆ ಯಾರೂ ಜಗಳ ಆಡಲಿಲ್ಲ, ಅದಕ್ಕೇ ಸುಮ್ನೆಓದು ಅವರು ಹೇಳಿದ್ದನ್ನೇ ಮೊದಲು ತಗೊಂಡೆ. ಆರು ಪ್ರಬಂಧ ಆಗಿದೆ. ಕಾಮಿಕ್ಸ್ ಕೂಡ ತಂದೆ. ಮಗಳು ನನಗಿಂತ ಮುಂಚೆ ತೆರೆದಳು. ಆ ಮೋಡದ ಪುಟದಲ್ಲಿ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು, ಇದು ಮಳೆ ಬರುವ ಮೋಡ, ಇದು ಬರದ ಮೋಡ ಅಂತ ಹೇಳುತ್ತಾ ಹೋದಳು. ನಾವಿನ್ನೂ ಊರು ತಲುಪಿಲ್ಲ.

ಗೆರೆಚಿತ್ರ:
ಹಳೇಬೈಂಡು ಅವರೇ, ಓದಿದಿರಾ ಮೇಲಿನದು?

ಹಳೇಬೈಂಡು:
ಓದಿದೆ. ಮಕ್ಕಳಿಗೆ ಅಂತ ನಾನು ಮೊದಲೇ ಹೇಳಿದ್ದೆ.

ಸುಮ್ನೆಓದು:
ಆರರಲ್ಲಿ ಯಾವುದು ಹಿಡಿಸಿತು?

ನಿದ್ದೆಗಣ್ಣು:
ಇನ್ನೊಂದು ದಿನ ಕೂತು ಬರೆಯುತ್ತೇನೆ. ಅಂದ ಹಾಗೆ, ಆ ಹಳೇ ಕಾದಂಬರಿಯ ಮೂವತ್ತೊಂದನೇ ಪುಟವನ್ನೂ ನಿನ್ನೆ ದಾಟಿದೆ. ಬಾಗಿಲು ತಟ್ಟಿದ್ದು ಪೋಸ್ಟ್‌ಮ್ಯಾನ್. ಇಷ್ಟಕ್ಕೇ ನಾನು ಒಂಬತ್ತು ರಾತ್ರಿ ಕಾದಿದ್ದೆ.

ಅಡಿಟಿಪ್ಪಣಿ:
ದಯವಿಟ್ಟು ಅದು ಯಾವ ಕಾದಂಬರಿ ಅಂತ ಮಾತ್ರ ಇಲ್ಲಿ ಬರೆಯಬೇಡಿ.

ಕೊನೆಪುಟ:
ನಿದ್ದೆಗಣ್ಣು ಅವರೇ, ಹೆಸರು ಹೇಳಿ. ಪೋಸ್ಟ್‌ಮ್ಯಾನ್ ಮೇಲೆ ನಾನು ಒಂದು ಕಣ್ಣಿಡುತ್ತೇನೆ.